ಮುಹೂರ್ತದ ದಿನ ಓಡಾಟ ಬೇಡ: ಆರಾಮಾಗಿ ಮದುವೆ ಆಗಿ, ಫೋಟೊ-ವಿಡಿಯೊನೂ ಚೆನ್ನಾಗಿ ಬರ್ಲಿ

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲೋ ಮೆಟ್ರೋದಲ್ಲೋ ಕೇಳ್ತಾ ಇರೋರಿಗೆ ಒಂದು ಪ್ರಶ್ನೆ. ನಿಮ್ಮ ಮನೇಲಿ ಇತ್ತೀಚೆಗೆ ಆದ ಯಾವುದಾದ್ರೂ ಮದುವೆಯ ಆಲ್ಬಂ ತೆಗೀರಿ. ಅದರಲ್ಲಿ ಹುಡುಗಿಯ ಅಮ್ಮ ಎಷ್ಟು ಫೋಟೊದಲ್ಲಿ ನಗ್ತಾ ಇದ್ದಾರೆ? ಬಹಳ ಮನೆಗಳಲ್ಲಿ ಉತ್ತರ ಒಂದೇ: ಅಮ್ಮ ಬೀಗದ ಕೈ ಗೊಂಚಲು ಹಿಡ್ಕೊಂಡು ಸ್ಟೋರ್ ರೂಮಲ್ಲೇ ಇದ್ರು.

ಲಕ್ಷಗಟ್ಟಲೆ ಖರ್ಚು ಮಾಡಿ ಕ್ಯಾಮೆರಾ ತರಿಸ್ತೀವಿ. ಆದ್ರೆ ಆ ಕ್ಯಾಮೆರಾ ಮುಂದೆ ಕೂರೋಕೆ ಮನೆಯವರಿಗೇ ಪುರುಸೊತ್ತಿಲ್ಲ. ಇದು ಕ್ಯಾಮೆರಾದ ತಪ್ಪಲ್ಲ, ಟೈಮ್‌ಟೇಬಲ್‌ನ ತಪ್ಪು. ಹಾಗಾಗಿ ಇವತ್ತು ಲೆನ್ಸ್ ಬಗ್ಗೆ ಕಮ್ಮಿ, ಗಡಿಯಾರದ ಬಗ್ಗೆ ಜಾಸ್ತಿ ಮಾತಾಡೋಣ. ನಾನು ಓದಿದ್ದು ಬಿಕಾಂ, ಲೆಕ್ಕ ಬಿಟ್ಟು ಬೇರೆ ಭಾಷೆ ಬರಲ್ಲ!

ಮುಹೂರ್ತದಿಂದ ಹಿಂದಕ್ಕೆ ಎಣಿಸಿ

ಲಗ್ನಪತ್ರಿಕೆಯಲ್ಲಿ ಒಂದು ಲಗ್ನದ ಹೆಸರು, ಒಂದು ಸಮಯ ಇರುತ್ತೆ. ಒಂದು ಲಗ್ನ ಅಂದ್ರೆ ಸುಮಾರು 2 ಗಂಟೆ. ಆ ಅವಧಿಯಲ್ಲಿ ಧಾರೆ ಸರಿಯಾಗಿ ಎಷ್ಟು ಹೊತ್ತಿಗೆ ಅನ್ನೋದು ಪುರೋಹಿತರ ಲೆಕ್ಕ. ಅದನ್ನ ಒಂದು ತಿಂಗಳು ಮುಂಚೆನೇ ಕೇಳಿ ಬರ್ಕೊಳ್ಳಿ. ಅಲ್ಲಿಂದ ಹಿಂದಕ್ಕೆ ಬನ್ನಿ.

ಧಾರೆ 10.30ಕ್ಕೆ ಅಂತ ಇಟ್ಕೊಳ್ಳೋಣ. ಅದಕ್ಕೂ ಮುಂಚಿನ ಶಾಸ್ತ್ರಗಳಿಗೆ ಹುಡುಗಿ 9.30ಕ್ಕೆ ಮಂಟಪಕ್ಕೆ ಬರಬೇಕು. ಅದಕ್ಕೂ ಮೊದಲು 15 ನಿಮಿಷ ಖಾಲಿ ಸಮಯ, ಅರ್ಧ ಗಂಟೆ ಹುಡುಗಿಯದ್ದು ಮತ್ತು ಮನೆಯವರದ್ದು ಫೋಟೊ. ಅಂದ್ರೆ 8.45ಕ್ಕೆ ಸಂಪೂರ್ಣ ರೆಡಿ. ಮೇಕಪ್, ಜಡೆ, ಹೂವು ಸೇರಿ ಎರಡೂವರೆ ಗಂಟೆ, ಸೀರೆಗೆ ಅರ್ಧ ಗಂಟೆ, ಮಧ್ಯೆ ಇಡ್ಲಿ-ಕಾಫಿಗೆ 15 ನಿಮಿಷ. ಅಂದ್ರೆ ಮೇಕಪ್ ಕುರ್ಚಿಯಲ್ಲಿ ಕೂರೋದು 5.30ಕ್ಕೆ. ಎಣ್ಣೆ ನೀರು ಆಗಬೇಕಂದ್ರೆ ಏಳೋದು ನಾಲ್ಕೂವರೆಗೆ.

ಆ 15 ನಿಮಿಷದ ಇಡ್ಲಿಯನ್ನ ದಯವಿಟ್ಟು ಪಟ್ಟಿಯಿಂದ ತೆಗೀಬೇಡಿ. ಕೆಲವು ಮನೆಗಳಲ್ಲಿ ಧಾರೆವರೆಗೆ ಉಪವಾಸ ಇರೋ ಪದ್ಧತಿ ಇದೆ. ಅಲ್ಲಿ ಹಾಲು-ಹಣ್ಣಾದ್ರೂ ತಗೋಬಹುದಾ ಅಂತ ಹಿರಿಯರನ್ನ ಕೇಳಿ. ಹಸಿದ ಮುಖಕ್ಕೆ ಯಾವ ಎಡಿಟಿಂಗೂ ನಗು ತಂದುಕೊಡಲ್ಲ.

ರಿಸೆಪ್ಷನ್ ಕ್ಯೂನ ಲೆಕ್ಕ

ಈಗ ನಿಜವಾದ ವಿಲನ್. ನಮ್ಮಲ್ಲಿ ಬಹಳ ಕಡೆ ಹಿಂದಿನ ದಿನ ಸಂಜೆ ಆರತಕ್ಷತೆ, ಮರುದಿನ ಬೆಳಗ್ಗೆ ಮುಹೂರ್ತ. ಸಾವಿರ ಜನ ಬರ್ತಾರೆ, ನಾಲ್ಕು ನಾಲ್ಕು ಜನರ ಗುಂಪಾಗಿ ವೇದಿಕೆ ಹತ್ತುತ್ತಾರೆ ಅಂದ್ರೆ 250 ಗುಂಪು. ಒಂದು ಗುಂಪಿಗೆ ಒಂದು ನಿಮಿಷ ಅಂದ್ರೂ 250 ನಿಮಿಷ, ಅಂದ್ರೆ ನಾಲ್ಕು ಗಂಟೆಗೂ ಜಾಸ್ತಿ. ಏಳಕ್ಕೆ ಶುರುವಾದ್ರೆ 11.10ಕ್ಕೆ ಮುಗಿಯುತ್ತೆ. ಊಟ ಮಾಡಿ, ಒಡವೆ ಬಿಚ್ಚಿ ಮಲಗೋಷ್ಟರಲ್ಲಿ ಒಂದು ಗಂಟೆ. ಮತ್ತೆ ನಾಲ್ಕೂವರೆಗೆ ಅಲಾರಂ. ಮೂರೂವರೆ ಗಂಟೆ ನಿದ್ದೆ ಮಾಡಿದ ಕಣ್ಣು ಕ್ಲೋಸಪ್‌ನಲ್ಲಿ ಹೇಗಿರುತ್ತೆ ಅಂತ ನಾನು ಹೇಳ್ಬೇಕಿಲ್ಲ.

ಒಂದು ನಿಮಿಷವನ್ನ 40 ಸೆಕೆಂಡಿಗೆ ಇಳಿಸಿ ನೋಡಿ. ಅದೇ 250 ಗುಂಪು ಸುಮಾರು 2 ಗಂಟೆ 47 ನಿಮಿಷದಲ್ಲಿ ಮುಗಿಯುತ್ತೆ. ಇಳಿಸೋದು ಹೇಗೆ? ಮೆಟ್ಟಿಲ ಹತ್ತಿರ ಒಬ್ಬ ಕಸಿನ್ ನಿಂತು ಮುಂದಿನ ಗುಂಪನ್ನ ಮೊದಲೇ ಸೇರಿಸಿಡ್ಲಿ. ಉಡುಗೊರೆ, ಕವರ್ ಇಸ್ಕೊಳ್ಳೋಕೆ ವೇದಿಕೆ ಪಕ್ಕ ಇನ್ನೊಬ್ಬರಿರಲಿ. ಇಳಿಯೋ ಮೆಟ್ಟಿಲು ಬೇರೆ ಕಡೆ ಇರಲಿ. ಮಧ್ಯೆ ಒಂದು ಸಲ ಹತ್ತು ನಿಮಿಷ ಕ್ಯೂ ನಿಲ್ಲಿಸಿ ಗಂಡು-ಹೆಣ್ಣಿಗೆ ಜ್ಯೂಸ್ ಕೊಡಿ, ಯಾರೂ ಬೇಜಾರು ಮಾಡ್ಕೊಳ್ಳಲ್ಲ.

ಪುರೋಹಿತರು ಮತ್ತು ವಿಡಿಯೊದವರು ಮಾತಾಡ್ಲಿ

ಮದುವೆ ಮನೇಲಿ ಇಬ್ಬರು ಡೈರೆಕ್ಟರ್‌ಗಳು. ಇಬ್ಬರೂ ಒಬ್ಬರನ್ನೊಬ್ಬರು ನೋಡೋದು ಮಂಟಪದಲ್ಲೇ. ‘ಸ್ವಾಮಿ, ಇನ್ನೊಂದ್ಸಲ ತಾಳಿ ಹಿಡೀರಿ’ ಅಂತ ವಿಡಿಯೊದವರು, ‘ಮುಹೂರ್ತ ಮೀರುತ್ತೆ’ ಅಂತ ಪುರೋಹಿತರು. ಮಧ್ಯೆ ಬೆವರೋದು ಗಂಡು-ಹೆಣ್ಣು.

ಒಂದು ವಾರ ಮುಂಚೆ ಇಬ್ಬರನ್ನೂ ಒಂದು ಫೋನ್ ಕಾಲ್‌ನಲ್ಲಿ ಸೇರಿಸಿ. ಕಾಶಿಯಾತ್ರೆ, ಅಂತರಪಟ, ಜೀರಿಗೆ-ಬೆಲ್ಲ, ಧಾರೆ, ಮಾಂಗಲ್ಯಧಾರಣೆ, ಸಪ್ತಪದಿ: ನಿಮ್ಮ ಪದ್ಧತಿಯಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಅನ್ನೋ ಪಟ್ಟಿ ಮಾಡಿ. ಊರಿಂದ ಊರಿಗೆ, ಮನೆಯಿಂದ ಮನೆಗೆ ಕ್ರಮ ಬದಲಾಗುತ್ತೆ. ಕೊಡವರ ಮದುವೆಯಲ್ಲಿ ಪುರೋಹಿತರೇ ಇರಲ್ಲ, ಹಿರಿಯರೇ ಎಲ್ಲಾ ನಡೆಸ್ತಾರೆ. ಕುವೆಂಪು ರೂಪಿಸಿದ ಮಂತ್ರ ಮಾಂಗಲ್ಯದಲ್ಲಿ ಶಾಸ್ತ್ರಗಳ ಸಾಲೇ ಇಲ್ಲ, ಪ್ರತಿಜ್ಞೆಯೇ ಮುಖ್ಯ. ಅಲ್ಲಿ ಕ್ಯಾಮೆರಾಗಿಂತ ಮೈಕ್ ಚೆನ್ನಾಗಿರಬೇಕು.

ಪಟ್ಟಿಯಲ್ಲಿ ಎರಡು ಕ್ಷಣಕ್ಕೆ ಕೆಂಪು ಗುರುತು ಹಾಕಿ. ಒಂದು, ಅಂತರಪಟ ಸರಿಯೋದು. ಅದು ಎರಡೇ ಸೆಕೆಂಡು. ಒಂದು ಕ್ಯಾಮೆರಾ ಹುಡುಗನ ಮುಖದ ಮೇಲೆ, ಇನ್ನೊಂದು ಹುಡುಗಿಯ ಮುಖದ ಮೇಲೆ ಇರಬೇಕು. ಎರಡು, ಧಾರೆ. ಅಪ್ಪ-ಅಮ್ಮ, ಮಗಳು-ಅಳಿಯ ನಾಲ್ವರ ಕೈಯೂ ಒಂದೇ ಕಡೆ ಸೇರೋ ಹೊತ್ತು ಅದು. ಆಗಲೇ ಚಿಕ್ಕಪ್ಪ-ದೊಡ್ಡಪ್ಪಂದಿರೆಲ್ಲ ಫೋನ್ ಎತ್ತಿ ಮುಂದೆ ನಿಲ್ಲೋದು, ಆಲ್ಬಂನಲ್ಲಿ ಉಳಿಯೋದು ಬರೀ ಬೆನ್ನು! ‘ಈ ಐದು ನಿಮಿಷ ಎಲ್ಲರೂ ಕೂತ್ಕೊಂಡು ಅಕ್ಷತೆ ಹಿಡ್ಕೊಳ್ಳಿ, ಫೋಟೊ ನಾವೇ ಕಳಿಸ್ತೀವಿ’ ಅಂತ ಮೈಕಲ್ಲಿ ಹೇಳಿಸಿ. ಹುಡುಗಿಯ ಸೋದರಮಾವ ಹೇಳಿದ್ರೆ ಕೇಳ್ತಾರೆ, ಫೋಟೊಗ್ರಾಫರ್ ಹೇಳಿದ್ರೆ ಕೇಳಲ್ಲ.

ಬೆಳಕು, ಶಬ್ದ, ಹೊಗೆ

ಟೆಕ್ನಿಕಲ್ ವಿಷಯ ಚಿಕ್ಕದಾಗಿ ಹೇಳಿಬಿಡ್ತೀನಿ. ಛತ್ರಗಳಲ್ಲಿ ಹಳದಿ ಬಲ್ಬು, ಬಿಳಿ ಟ್ಯೂಬ್‌ಲೈಟ್, ಡೆಕೊರೇಷನ್‌ನ ನೇರಳೆ ಎಲ್‌ಇಡಿ ಮೂರೂ ಒಟ್ಟಿಗೆ ಉರಿಯುತ್ತೆ. ನೇರಳೆ ಬೆಳಕು ಗೋಡೆ ಮೇಲೆ ಬಿದ್ರೆ ಚೆಂದ, ಮುಖದ ಮೇಲೆ ಬಿದ್ರೆ ಅರಿಶಿನದ ಬಣ್ಣವೇ ಹೋಗುತ್ತೆ. ಬಣ್ಣದ ಲೈಟು ಹಿಂದಕ್ಕೆ, ಮುಖಕ್ಕೆ ಒಂದೇ ಬಗೆಯ ಬೆಳಕು ಅಂತ ಡೆಕೊರೇಷನ್‌ನವರಿಗೆ ಮೊದಲೇ ಹೇಳಿ.

ಫೋನಲ್ಲಿ ವಿಡಿಯೊ ಮಾಡುವಾಗ ಪಟ್ಟೆ ಪಟ್ಟೆ ಓಡುತ್ತಲ್ವಾ? ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಎಷ್ಟೋ ಲೈಟುಗಳು ಸೆಕೆಂಡಿಗೆ 100 ಸಲ ಮಿನುಗುತ್ತೆ. 25 ಫ್ರೇಮ್‌ನಲ್ಲಿ, 1/50 ಶಟರ್‌ನಲ್ಲಿ ತೆಗೆದ್ರೆ ಈ ಕಾಟ ಬಹುಮಟ್ಟಿಗೆ ತಪ್ಪುತ್ತೆ.

ಹೋಮದ ಹೊಗೆ ಹಿಂದಿನಿಂದ ಬೆಳಕು ಬಿದ್ರೆ ಸಿನಿಮಾ ಥರ ಕಾಣುತ್ತೆ, ಆದ್ರೆ ಕಣ್ಣು ಉರಿದ್ರೆ ಆ ಚೆಂದ ಇರಲ್ಲ. ಕಿಟಕಿ ತೆಗೆಸಿ. ಜೋಡಿ ಫೋಟೊಗೆ ಸೂರ್ಯ ಮುಳುಗೋ ಮುಂಚಿನ ಒಂದು ಗಂಟೆ ಒಳ್ಳೇದು, ಮಟಮಟ ಮಧ್ಯಾಹ್ನ ಬೇಡ. ಶಬ್ದಕ್ಕೆ, ಪುರೋಹಿತರ ಅಂಗವಸ್ತ್ರಕ್ಕೆ ಒಂದು ಚಿಕ್ಕ ಮೈಕ್ ಸಿಕ್ಕಿಸಿ. ಇಲ್ಲಾಂದ್ರೆ ಗಟ್ಟಿಮೇಳದಲ್ಲಿ ಮಂತ್ರವೇ ಕೇಳಿಸಲ್ಲ.

ಡ್ರೋನ್ ಬೇಕು ಅನ್ನೋರಿಗೆ: 2021ರ ಡ್ರೋನ್ ನಿಯಮಗಳ ಪ್ರಕಾರ ಆಕಾಶವನ್ನ ಕೆಂಪು, ಹಳದಿ, ಹಸಿರು ವಲಯ ಅಂತ ಭಾಗ ಮಾಡಿದ್ದಾರೆ. ನಿಮ್ಮ ಛತ್ರ ಯಾವ ವಲಯದಲ್ಲಿದೆ ಅಂತ ನೋಡಿಯೇ ಅಡ್ವಾನ್ಸ್ ಕೊಡಿ.

ದುಡ್ಡು ಕೊಡೋ ಮುಂಚೆ ಬರಹದಲ್ಲಿ

ಎಷ್ಟು ಗಂಟೆ ಕೆಲಸ, ಎಷ್ಟು ಜನ ಬರ್ತಾರೆ, ಎಡಿಟ್ ಆದ ಎಷ್ಟು ಫೋಟೊ, ಎಷ್ಟು ನಿಮಿಷದ ಫಿಲ್ಮ್, ಎಷ್ಟು ದಿನದಲ್ಲಿ, ಎಡಿಟ್ ಆಗದ ಫೈಲ್‌ಗಳು ಸಿಗುತ್ತಾ: ಇಷ್ಟನ್ನೂ ವಾಟ್ಸಾಪ್‌ನಲ್ಲಾದ್ರೂ ಬರೆಸ್ಕೊಳ್ಳಿ. ಕೊನೇ ಕಂತು ಆಲ್ಬಂ ಕೈಗೆ ಬಂದ ಮೇಲೆ ಕೊಡಿ. ಅದೇ ರಾತ್ರಿ ಎಲ್ಲಾ ಫೈಲು ಎರಡು ಬೇರೆ ಹಾರ್ಡ್ ಡಿಸ್ಕ್‌ಗೆ ಕಾಪಿ ಆಗ್ಬೇಕು. ಊಟಕ್ಕೆ ಅವರನ್ನ ಮೊದಲನೇ ಪಂಕ್ತಿಯಲ್ಲೇ ಕೂರಿಸಿ. ಅವರೂ ಬೆಳಗ್ಗೆ ಐದರಿಂದ ನಿಂತಿರ್ತಾರೆ.

ಕೊನೆಯ ಮಾತು: ಬೀಗದ ಕೈ ಯಾರಿಗೆ?

ಇಷ್ಟೆಲ್ಲಾ ಮಾಡೋಕೆ ಆಗಲ್ಲ ಅಂದ್ರೆ ಎರಡೇ ಕೆಲಸ ಮಾಡಿ. ಮೊದಲನೇದು, ಮನೆಯ ಹತ್ತಿರದ ನೆಂಟರಲ್ಲಿ ಜವಾಬ್ದಾರಿ ಇರೋ ಒಬ್ಬರಿಗೆ ಸ್ಟೋರ್ ರೂಮಿನ ಕೀಲಿ, ಕೊಡೋ ದುಡ್ಡಿನ ಕವರ್‌ಗಳು, ಗಂಡು-ಹೆಣ್ಣಿನ ಫೋನು ಮೂರನ್ನೂ ಹಿಂದಿನ ರಾತ್ರಿಯೇ ಒಪ್ಪಿಸಿ. ಅಡುಗೆಯವರು, ಹೂವಿನವರು, ಬಸ್ಸಿನವರು ಯಾರೇ ಬಂದ್ರೂ ಅವರ ಹತ್ರನೇ ಹೋಗ್ಲಿ.

ಎರಡನೇದು, ಹತ್ತು ಫೋಟೊಗಳ ಪಟ್ಟಿ ಬರೀರಿ. ಜೋಡಿಯದ್ದು ಹೇಗೂ ಬರುತ್ತೆ. ಪಟ್ಟಿಯಲ್ಲಿ ಇರಬೇಕಾದ್ದು ಅಜ್ಜಿ-ತಾತ, ಎರಡೂ ಕಡೆ ಅಪ್ಪ-ಅಮ್ಮ, ದೂರದೂರಿಂದ ಬಂದ ಅತ್ತೆ. ಅಜ್ಜಿ-ತಾತನ ಫೋಟೊ ಬೆಳಗ್ಗೆಯೇ ಆಗಿಬಿಡ್ಲಿ, ಮಧ್ಯಾಹ್ನದ ಹೊತ್ತಿಗೆ ಅವರು ಸುಸ್ತಾಗಿರ್ತಾರೆ. ಮುಂದೆ ಮನೇಲಿ ಯಾರಾದ್ರೂ ತೀರಿಕೊಂಡಾಗ, ಗೋಡೆಗೆ ಹಾಕೋಕೆ ಒಂದು ಒಳ್ಳೆ ಫೋಟೊ ಬೇಕು ಅಂತ ಎಲ್ಲರೂ ಹುಡುಕೋದು ಮದುವೆ ಆಲ್ಬಂನಲ್ಲೇ. ಡ್ರೋನ್ ಶಾಟ್‌ನಲ್ಲಿ ಅದು ಸಿಗಲ್ಲ.

ಈ ಸೀಸನ್‌ನಲ್ಲಿ ಮದುವೆ ಇರೋ ಸ್ನೇಹಿತರಿಗೆ ಈ ಸಂಚಿಕೆ ಕಳಿಸಿ. ಹಾಗೇ ಅವರ ಅಮ್ಮನಿಗೂ ಒಂದು ಸಲ ಕೇಳಿಸಿ ಅಂತ ಹೇಳಿ.