ಅಡುಗೆಗೆ ತಕ್ಕ ಹಜಾರ: ಚೀನೀ ಪ್ರಾಂತೀಯ ಹೋಟೆಲುಗಳ ಒಳಾಂಗಣ

ಚೀನಾದಲ್ಲಿ ‘ಚೈನೀಸ್ ಹೋಟೆಲ್’ ಅಂತ ಯಾರೂ ಹುಡುಕಿಕೊಂಡು ಹೋಗುವುದಿಲ್ಲ. ಅಲ್ಲಿರುವುದು ಸಿಚುವಾನ್ ಹೋಟೆಲು, ಕ್ಯಾಂಟನ್ ಹೋಟೆಲು, ಹುನಾನ್ ಹೋಟೆಲು, ಯುನ್ನಾನ್ ಹೋಟೆಲು. ಉಡುಪಿ ಊಟಕ್ಕೂ ಜೋಳದ ರೊಟ್ಟಿಯ ಖಾನಾವಳಿಗೂ ಇರುವಷ್ಟು ಅಂತರ ಅವುಗಳ ನಡುವೆಯೂ ಇದೆ. ಅಡುಗೆ ಬದಲಾದರೆ ಉಣ್ಣುವ ಕ್ರಮ ಬದಲಾಗುತ್ತದೆ. ಅದು ಬದಲಾದರೆ ಮೇಜು, ಗಾಳಿ, ಬೆಳಕು, ಓಡಾಡುವ ದಾರಿ ಎಲ್ಲವೂ ಬದಲಾಗಬೇಕು. ಕೆಂಪು ಲಾಂದ್ರ, ಗೋಡೆಯ ಮೇಲಿನ ಡ್ರ್ಯಾಗನ್ ಎಲ್ಲ ಹೋಟೆಲಿಗೂ ಒಗ್ಗುತ್ತವೆ. ಹಾಗಾಗಿಯೇ ಅವು ಯಾವ ಪ್ರಾಂತ್ಯದ ಗುರುತನ್ನೂ ಹೇಳುವುದಿಲ್ಲ. ತಿಳಿದ ವಿನ್ಯಾಸಕರು ಗೋಡೆಗೆ ಕೈಹಾಕುವ ಮುಂಚೆ ಮೇಜಿನ ಲೆಕ್ಕ ಹಾಕುತ್ತಾರೆ.

ದುಂಡು ಮೇಜಿನ ಲೆಕ್ಕ

ಚೀನೀ ಊಟದಲ್ಲಿ ಪದಾರ್ಥಗಳೆಲ್ಲ ಮೇಜಿನ ನಡುವೆ ಬರುತ್ತವೆ, ಸುತ್ತ ಕುಳಿತವರು ಹಂಚಿಕೊಂಡು ತಿನ್ನುತ್ತಾರೆ. 10 ಮಂದಿ ಕೂರುವ ದುಂಡು ಮೇಜಿನ ವ್ಯಾಸ ಸಾಮಾನ್ಯವಾಗಿ 1.8 ಮೀಟರ್. ಒಬ್ಬೊಬ್ಬರ ಪಾಲಿಗೆ ಅಂಚಿನಲ್ಲಿ ಸುಮಾರು 56 ಸೆಂಟಿಮೀಟರ್ ಜಾಗ ಸಿಗುತ್ತದೆ. ಮೊಣಕೈ ತಾಗದೆ ತಿನ್ನಲು ಅಷ್ಟು ಸಾಕು, ಆದರೆ ಎದುರಿನವರ ಮುಂದಿರುವ ಮೀನು ಕೈಗೆಟುಕದು. ತಿರುಗುವ ಹಲಗೆ ಆ ತೊಡಕನ್ನು ನೀಗಿಸಿತು.

ಈ ಹಲಗೆಯ ಹಿಂದೆ ಒಂದು ರೋಗದ ಕಥೆಯೂ ಇದೆ. 1910-11ರಲ್ಲಿ ಮಂಚೂರಿಯಾದ ಪ್ಲೇಗನ್ನು ಹತೋಟಿಗೆ ತಂದ, ಪೆನಾಂಗ್‌ನಲ್ಲಿ ಹುಟ್ಟಿದ ವೈದ್ಯ ವೂ ಲಿಯೆನ್-ತೆ, ಹತ್ತಾರು ಜನರ ಚಾಪ್‌ಸ್ಟಿಕ್ಕುಗಳು ಒಂದೇ ಬಟ್ಟಲಿಗೆ ಇಳಿಯುವುದು ಅಪಾಯ ಎಂದು ಕಂಡುಕೊಂಡರು. ತಿರುಗುವ ತಟ್ಟೆಯೊಂದನ್ನು ಮೇಜಿನ ನಡುವೆ ಇಟ್ಟು, ಬಡಿಸಿಕೊಳ್ಳಲು ಬೇರೆ ಚಮಚ ಬಳಸಿ ಎಂದು ಸೂಚಿಸಿದರು. ಹೋಟೆಲುಗಳಲ್ಲಿ ಈಗ ಕಾಣುವ ರೂಪದಲ್ಲಿ ಅದು ಬಳಕೆಗೆ ಬಂದದ್ದು 1950ರ ದಶಕದಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದ ಚೈನಾಟೌನ್‌ನಲ್ಲಿ.

ದುಂಡು ಮೇಜಿಗೂ ತಲೆ ಉಂಟು. ಬಾಗಿಲಿಗೆ ಮುಖಮಾಡಿದ ಆಸನ ಮಾನ್ಯರದ್ದು. ಬಾಗಿಲಿನ ಕಡೆ ಬೆನ್ನು ಹಾಕಿದ ಜಾಗದಿಂದ ಮಾಣಿ ಪದಾರ್ಥ ಇಳಿಸುತ್ತಾನೆ. ಹಾಗಾಗಿ ಖಾಸಗಿ ಊಟದ ಕೋಣೆಯ ನಕ್ಷೆ ಬರೆಯುವಾಗ ಬಾಗಿಲು ಎಲ್ಲಿ ಬರಬೇಕೆಂಬುದು ಮೊದಲೇ ತೀರ್ಮಾನವಾಗಬೇಕು. ಅದು ತಪ್ಪಿದರೆ ಹಿರಿಯರ ಹೆಗಲ ಮೇಲಿಂದ ಸೂಪಿನ ಬೋಗುಣಿ ಹಾದುಹೋಗುತ್ತದೆ.

ಗ್ವಾಂಗ್‌ಝೌ: ನೀರಿನ ಬದಿಯ ಚಹಾ

ಗ್ವಾಂಗ್‌ಝೌ (ಹಳೆಯ ಹೆಸರು ಕ್ಯಾಂಟನ್) ನಗರದವರದ್ದು ಬೆಳಗಿನಿಂದಲೇ ಚಹಾದ ಜೊತೆ ಚಿಕ್ಕಚಿಕ್ಕ ತಿಂಡಿ ತಿನ್ನುತ್ತಾ ಹರಟುವ ಅಭ್ಯಾಸ. ಬಿದಿರ ಬುಟ್ಟಿಗಳಲ್ಲಿ ಹಬೆಯಾಡುವ ಈ ತಿಂಡಿಗಳನ್ನು, ಅಂದರೆ ಡಿಮ್ ಸಮ್ ಅನ್ನು, ತಳ್ಳುಗಾಡಿಯಲ್ಲಿ ಮೇಜಿನಿಂದ ಮೇಜಿಗೆ ಒಯ್ಯುವ ಪದ್ಧತಿ ಇದ್ದಲ್ಲಿ, ಮೇಜುಗಳ ನಡುವಿನ ದಾರಿ ಗಾಡಿಯ ಅಗಲವನ್ನು ನೋಡಿಯೇ ನಿಗದಿಯಾಗುತ್ತದೆ. ಗಂಟೆಗಟ್ಟಲೆ ಕೂರುವವರಿಗೆ ಗಾಳಿ, ನೆರಳು, ಕಣ್ಣಿಗೊಂದಿಷ್ಟು ಹಸಿರು ಬೇಕು. ಊರಿನ ಹವೆಯೋ ಸೆಕೆ ಮತ್ತು ತೇವದ್ದು.

ಇದಕ್ಕೆ ಉತ್ತರ ಕೊಟ್ಟವರು ವಾಸ್ತುಶಿಲ್ಪಿ ಮೊ ಬೊಝಿ. 1950ರ ದಶಕದ ಕೊನೆಗೆ ಬೇಯ್‌ಯುವಾನ್, 1960ರ ಹೊತ್ತಿಗೆ ಪಾನ್‌ಶಿ ಎಂಬ ತೋಟದ ಹೋಟೆಲುಗಳನ್ನು ಅವರು ರೂಪಿಸಿದರು. ಕೊಳದ ಸುತ್ತ ಊಟದ ಕೋಣೆಗಳು, ಅವನ್ನು ಜೋಡಿಸುವ ಅಂಕುಡೊಂಕಿನ ಮೊಗಸಾಲೆಗಳು. ಹಳೆಯ ಮನೆಗಳನ್ನು ಕೆಡವಿದಾಗ ಸಿಕ್ಕ ಕೆತ್ತನೆಯ ಮರದ ತೆರೆಗಳನ್ನೂ ಬಣ್ಣದ ಗಾಜಿನ ಕಿಟಕಿಗಳನ್ನೂ ತಂದು ಮತ್ತೆ ಕೂರಿಸಿದರು. ನೀಲಿ, ಕೆಂಪು, ಹಳದಿ ಗಾಜುಗಳು ಹೊರಗಿನ ಬಿಸಿಲನ್ನು ತಗ್ಗಿಸಿ ಒಳಗೆ ಬಿಡುತ್ತವೆ. ಆ ಸೀಮೆಯ ಮನೆಗಳಲ್ಲಿ ಕಿಟಕಿ ಮಾಡುತ್ತಿದ್ದ ಕೆಲಸವನ್ನೇ ಹೋಟೆಲಿನಲ್ಲೂ ಮಾಡಿಸಿದ್ದರಿಂದ ಅವು ಬರೀ ಶೋಕಿಯ ವಸ್ತುಗಳಾಗಲಿಲ್ಲ.

ಚೊಂಗ್‌ಚಿಂಗ್: ಸುರಂಗದೊಳಗಿನ ಕುದಿ

ಇದಕ್ಕೆ ತೀರಾ ಎದುರು ಚೊಂಗ್‌ಚಿಂಗ್ ನಗರದ ಹಾಟ್‌ಪಾಟ್. ಒಣಮೆಣಸು, ಸಿಚುವಾನ್ ಕಾಳುಮೆಣಸು, ದನದ ಕೊಬ್ಬು ಬೆರೆತ ಕೆಂಪು ಸಾರು ಮೇಜಿನ ಮೇಲೆಯೇ ಕುದಿಯುತ್ತದೆ, ತಿನ್ನುವವರೇ ಬೇಯಿಸಿಕೊಳ್ಳುತ್ತಾರೆ. ಅಡುಗೆಮನೆಯ ಅರ್ಧ ಕೆಲಸ ಹಜಾರಕ್ಕೆ ಬಂದಂತಾಯಿತು. ಅದರ ಬೆನ್ನಿಗೆ ಬೆಂಕಿ, ಹಬೆ, ಜಿಡ್ಡೂ ಬಂದವು.

ಪಾತ್ರೆಯನ್ನು ಮೇಜಿನ ಮೇಲಿಟ್ಟರೆ ಅದರ ಅಂಚು ಎದೆಮಟ್ಟಕ್ಕೆ ಬರುತ್ತದೆ, ಕುಳಿತವರು ಕೈಯೆತ್ತಿಯೇ ಉಣ್ಣಬೇಕಾಗುತ್ತದೆ. ಆದ್ದರಿಂದ ಮೇಜಿನ ನಡುವೆ ತೂತು ಕೊರೆದು, ಒಲೆಯನ್ನು ಕೆಳಗಿರಿಸಿ, ಪಾತ್ರೆಯನ್ನು ಒಳಕ್ಕೆ ಇಳಿಸುತ್ತಾರೆ. ಪಾತ್ರೆಯೊಳಗೆ ಲೋಹದ ಪಟ್ಟಿಗಳಿಂದ ಮಾಡಿದ 9 ಮನೆಗಳ ಜಾಲ. ನಡುಮನೆಯಲ್ಲಿ ಕುದಿ ಜೋರು, ಕ್ಷಣದಲ್ಲಿ ಬೇಯುವ ಕರುಳು, ಜಠರದ ತೆಳು ಪದರಗಳನ್ನು ಅದ್ದಿ ತೆಗೆಯುವುದು ಅಲ್ಲಿ. ಮೂಲೆಯ ಮನೆಗಳಲ್ಲಿ ಕುದಿ ಮಂದ, ನಿಧಾನಕ್ಕೆ ಬೇಯುವಂಥವು ಅಲ್ಲಿರುತ್ತವೆ.

ಹಬೆ ಎಳೆಯಲು ಎರಡು ದಾರಿ. ಮೇಲಿನಿಂದ ಇಳಿಬಿಟ್ಟ ಕೊಳವೆ ಅಗ್ಗ, ಆದರೆ ಎದುರಿನವರ ಮುಖಕ್ಕೆ ಅಡ್ಡ. ಪಾತ್ರೆಯ ಪಕ್ಕದಿಂದಲೇ ಕೆಳಕ್ಕೆ ಹೀರುವ ಕೊಳವೆ ಕಣ್ಣಿಗೆ ಬೀಳದು, ಆದರೆ ನೆಲವನ್ನು ಎತ್ತರಿಸಿ ಅದರಡಿ ದಾರಿ ಮಾಡಬೇಕು, ಕಟ್ಟಿಕೊಂಡ ಜಿಡ್ಡನ್ನು ಆಗಾಗ ತೆಗೆಸಬೇಕು. ನೆಲದ ಹಾಸು ಜಾರದಂತಿರಬೇಕು. ಕೋಟು, ಚೀಲಗಳಿಗೆ ವಾಸನೆ ಹತ್ತದಂತೆ ಮುಚ್ಚಳವಿರುವ ಪೆಟ್ಟಿಗೆಯಾಕಾರದ ಸ್ಟೂಲುಗಳನ್ನು ಹಾಕುವುದೂ ಉಂಟು.

ಇದೇ ನಗರದಲ್ಲಿ ವಿಚಿತ್ರ ಹಜಾರಗಳಿವೆ. ಜಪಾನ್ ಜೊತೆಗಿನ ಯುದ್ಧದಲ್ಲಿ ಚೊಂಗ್‌ಚಿಂಗ್ ಚೀನಾದ ತಾತ್ಕಾಲಿಕ ರಾಜಧಾನಿಯಾಗಿತ್ತು; 1938ರಿಂದ 1943ರವರೆಗೆ ಅದರ ಮೇಲೆ ಬಾಂಬುಗಳು ಬಿದ್ದವು. ಜನ ಅಡಗಲು ಗುಡ್ಡದ ಬಂಡೆ ಕೊರೆದು ಮಾಡಿದ ಸುರಂಗಗಳಲ್ಲಿ ಕೆಲವು ಈಗ ಹಾಟ್‌ಪಾಟ್ ಅಂಗಡಿಗಳು. ಹೊರಗೆ 40 ಡಿಗ್ರಿ ಬೇಸಿಗೆ ಇದ್ದರೂ ಬಂಡೆಯೊಳಗೆ ತಂಪು. ಆದರೆ ಸುರಂಗಕ್ಕೆ ಕಿಟಕಿಯಿಲ್ಲ, ಆದ್ದರಿಂದ ಹಬೆಯನ್ನು ಯಂತ್ರದಿಂದಲೇ ಹೊರದೂಡಬೇಕು. ಕಮಾನಿನ ಚಾವಣಿ ಮಾತನ್ನೆಲ್ಲ ಮರಳಿಸುತ್ತದೆ. ಗದ್ದಲವೇ ಊಟದ ಕಳೆ ಎನ್ನುವ ಗಿರಾಕಿಗಳಿಗೆ ಅದು ಕೊರತೆಯಲ್ಲ.

ಹೊಸ ತಲೆಮಾರಿನ ಹಾಟ್‌ಪಾಟ್ ಹೋಟೆಲುಗಳು ಬೇರೆ ದಿಕ್ಕಿಗೆ ಹೊರಳಿವೆ. 1994ರಲ್ಲಿ ಸಿಚುವಾನಿನ ಜಿಯೆನ್‌ಯಾಂಗ್‌ನಲ್ಲಿ ಶುರುವಾದ ಹೈಡಿಲಾವ್ ಹೋಟೆಲು ಸರಣಿ 2018ರಲ್ಲಿ ಬೀಜಿಂಗ್‌ನಲ್ಲಿ ತೆರೆದ ಹೋಟೆಲಿನಲ್ಲಿ ಶೀತಲ ಕೋಣೆಯ ತಟ್ಟೆಗಳನ್ನು ಯಂತ್ರದ ಕೈಗಳು ತೆಗೆದುಕೊಡುತ್ತವೆ. ಹಜಾರದ ಗೋಡೆಗಳೇ ಚಲಿಸುವ ಚಿತ್ರದ ಪರದೆಗಳು.

ಕಡಲಾಚೆ ಹೋದಾಗ

ಪರದೇಶದಲ್ಲಿ ಈ ಹೋಟೆಲುಗಳಿಗೆ ಬೇರೆಯೇ ಸವಾಲು. ಹಾಂಗ್‌ಕಾಂಗ್‌ನಲ್ಲಿ ಹುಟ್ಟಿದ ಆ್ಯಲನ್ ಯೌ 2001ರಲ್ಲಿ ಲಂಡನ್ನಿನ ನೆಲಮಾಳಿಗೆಯೊಂದರಲ್ಲಿ ಹಕ್ಕಸಾನ್ ಹೋಟೆಲು ತೆರೆದಾಗ, ಫ್ರೆಂಚ್ ವಿನ್ಯಾಸಕ ಕ್ರಿಶ್ಚಿಯನ್ ಲಿಯೇಗ್ರ್ ಅದರ ವಿಶಾಲ ಹಜಾರವನ್ನು ಕಪ್ಪು ಮರದ ಜಾಲಂಧ್ರಗಳಿಂದ ವಿಂಗಡಿಸಿದರು. ಚೀನೀ ಮನೆಗಳ ಜಾಲರಿ ತೆರೆ ಇಲ್ಲಿ ಗೋಡೆ ಕಟ್ಟದೆಯೇ ಮರೆ ಒದಗಿಸಿತು. ಬೆಳಕು ಮಂದ, ಮೇಜು ಮಾತ್ರ ಎದ್ದು ಕಾಣುವಂತೆ. ಯೌ ಅವರೇ 2004ರಲ್ಲಿ ಆರಂಭಿಸಿದ ಡಿಮ್ ಸಮ್ ಹೋಟೆಲು ಯೌವಾಚಾ ಮುಂದೆ ಬೆಂಗಳೂರಿನ ಎಂ.ಜಿ. ರಸ್ತೆಗೂ ಬಂತು.

ಮಾಲ್‌ನ ಮಹಡಿಯಲ್ಲಿ ತೆರೆದ ಇಂಥ ಹೋಟೆಲಿಗೆ ಗ್ವಾಂಗ್‌ಝೌವಿನ ಕೊಳವೂ ಇಲ್ಲ, ಚೊಂಗ್‌ಚಿಂಗ್‌ನ ಬಂಡೆಯೂ ಇಲ್ಲ. ಆದರೂ ಕೇಳಬೇಕಾದ ಪ್ರಶ್ನೆಗಳು ಅವೇ. ತಟ್ಟೆಯ ಮೇಲಿನ ಬೆಳಕಿನಲ್ಲಿ ಈರುಳ್ಳಿ ಸೊಪ್ಪು ಹಸಿರಾಗಿಯೇ ಕಾಣುತ್ತದೆಯೇ? ಬಿಸಿ ಬೋಗುಣಿ ಹಿಡಿದವರಿಗೆ ತಿರುಗಲು ಜಾಗವಿದೆಯೇ? ಅಡುಗೆಮನೆಯಿಂದ ಹಜಾರಕ್ಕೆ ಗಾಳಿ ಬೀಸದೆ, ಹಜಾರದಿಂದ ಅಡುಗೆಮನೆಯತ್ತ ಎಳೆಯುತ್ತದೆಯೇ? ಊಟ ಮುಗಿಸಿ ಮನೆಗೆ ಬಂದ ಮೇಲೂ ಅಂಗಿಗೆ ಕರಿದೆಣ್ಣೆಯ ವಾಸನೆ ಅಂಟಿದ್ದರೆ, ಡ್ರ್ಯಾಗನ್ ಬರೆಸಲು ಸುರಿದ ಹಣದಲ್ಲಿ ಒಂದು ಪಾಲು ಗಾಳಿಕೊಳವೆಗೆ ಹೋಗಬೇಕಿತ್ತು ಎಂದೇ ಅರ್ಥ.