ಅಚ್ಚು ಒಬ್ಬರದು, ಹೆಸರು ಇನ್ನೊಬ್ಬರದು

ಕೊಟ್ಟೂರು ಗುರುಬಸವೇಶ್ವರ ಜಾತ್ರೆಯಲ್ಲಿ ಮೊಮ್ಮಗನಿಗೆ ಕಾರಿನಿಂದ ಯಂತ್ರಮಾನವನಾಗುವ ಪ್ಲಾಸ್ಟಿಕ್ ಆಟಿಕೆಯೊಂದನ್ನು ಕೊಡಿಸಿದೆ. ಅವನು ತಿರುಗಿಸಿ ನೋಡಿ, ‘ಇದು ಖರೇ ಟ್ರಾನ್ಸ್‌ಫಾರ್ಮರ್ ಅಲ್ಲ ಅಜ್ಜಾ’ ಎಂದ. ಟ್ರಾನ್ಸ್‌ಫಾರ್ಮರ್ ಎಂದರೆ ಬೇಸಿಗೆಯಲ್ಲಿ ಸುಟ್ಟುಹೋಗಿ ರೈತರನ್ನು ಕಚೇರಿಗೆ ಅಲೆದಾಡಿಸುವ ವಸ್ತು ಎಂದಷ್ಟೇ ಬಲ್ಲ ಹರಪನಹಳ್ಳಿಯವನಾದ ನನಗೆ ಕುತೂಹಲ ಹುಟ್ಟಿತು. ಖರೇ ಎಂಬುದನ್ನು ನಿರ್ಧರಿಸುವವರು ಯಾರು?

ಈ ಆಟಿಕೆಗಳ ಮೂಲ ಅಚ್ಚು ಜಪಾನಿನ ಟಕಾರ ಕಂಪನಿಯದು. 1980ರಲ್ಲಿ ಅದು ‘ಡಯಾಕ್ಲೋನ್’ ಮಾಲಿಕೆಯನ್ನು ಆರಂಭಿಸಿತು. 1984ರಲ್ಲಿ ಅಮೆರಿಕದ ಹ್ಯಾಸ್‌ಬ್ರೊ ಪರವಾನಗಿ ಪಡೆದು, ‘ಟ್ರಾನ್ಸ್‌ಫಾರ್ಮರ್ಸ್’ ಎಂಬ ಹೆಸರಿಟ್ಟು, ಕಾಮಿಕ್ಸ್ ಮತ್ತು ಟಿ.ವಿ. ಕಾರ್ಟೂನುಗಳ ಮೂಲಕ ಒಂದು ಕಥೆಯನ್ನೂ ಅಂಟಿಸಿತು. ಯುರೋಪಿನಲ್ಲಿ ಆದದ್ದು ಇನ್ನೂ ಸ್ವಾರಸ್ಯಕರ. ಡಯಾಕ್ಲೋನ್ ಆಟಿಕೆಗಳನ್ನು ಫ್ರಾನ್ಸಿನಲ್ಲಿ ಜೂಸ್ತ್ರಾ ಎಂಬ ಸಂಸ್ಥೆ ಮಾರುತ್ತಿತ್ತು. ಇಟಲಿಯಲ್ಲಿ ಜಿಗ್ ಸಂಸ್ಥೆ ‘ಟ್ರಾಸ್‌ಫಾರ್ಮರ್’ ಎಂದು ತನ್ನದೇ ಹೆಸರಿನಲ್ಲಿ ಮಾರಿತು. ಅದೇ 1984ರಲ್ಲಿ ಹ್ಯಾಸ್‌ಬ್ರೊ ಕೊಂಡುಕೊಂಡಿದ್ದ ಮಿಲ್ಟನ್ ಬ್ರಾಡ್ಲಿ ಕಂಪನಿಯು ಮುಂದೆ ಯುರೋಪ್ ಖಂಡದಲ್ಲಿ ಅಮೆರಿಕದ ಹೆಸರನ್ನು ಹರಡಿತು. ಬಂಡಾಯ್ ಕಂಪನಿಯ ಪ್ರತಿಸ್ಪರ್ಧಿ ಆಟಿಕೆಗಳು ಯುರೋಪಿನಲ್ಲಿ ‘ರೋಬೋ ಮಷೀನ್’ ಆದರೆ, ಅಮೆರಿಕದಲ್ಲಿ ಟಾಂಕಾ ಕಂಪನಿಯ ‘ಗೋಬಾಟ್ಸ್’ ಆದವು. 1991ರಲ್ಲಿ ಟಾಂಕಾವೂ ಹ್ಯಾಸ್‌ಬ್ರೊ ವಶವಾಗಿ, ಗೋಬಾಟ್ಸ್ ಹೆಸರು ಅದರ ಪಾಲಾಯಿತು. ಅಚ್ಚುಗಳು ಮಾತ್ರ ಬಂಡಾಯ್ ಬಳಿಯೇ ಉಳಿದವು.

ಹೆಸರಿನ ಬೆಲೆ ನಮ್ಮ ತಾಲ್ಲೂಕಿಗೆ ಹೊಸತಲ್ಲ. 1997ರಲ್ಲಿ ಹರಪನಹಳ್ಳಿ ಬಳ್ಳಾರಿಯನ್ನು ಬಿಟ್ಟು ದಾವಣಗೆರೆಗೆ ಸೇರಿತು. ಹೈದರಾಬಾದ್ ಕರ್ನಾಟಕಕ್ಕೆ 371(ಜೆ) ವಿಧಿಯ ಮೀಸಲಾತಿ ಬಂದಾಗ ನಾವು ಗೆರೆಯ ಆಚೆ ಉಳಿದೆವು. ಅದೇ ಮಣ್ಣು, ಅದೇ ಜನ. ಆದರೆ ನೆರೆಯ ಕೂಡ್ಲಿಗಿಯ ಹುಡುಗನಿಗೆ ದೊರೆತ ಸೀಟು ನಮ್ಮ ಹುಡುಗನಿಗಿರಲಿಲ್ಲ. ಹೋರಾಟದ ಬಳಿಕ ತಾಲ್ಲೂಕು ಮರಳಿ ಬಳ್ಳಾರಿಗೆ ಸೇರಿ, 2021ರಲ್ಲಿ ವಿಜಯನಗರ ಜಿಲ್ಲೆಯ ಭಾಗವಾಯಿತು.

ಈಗ ತುಂಗಭದ್ರೆಯ ಆಚೆ, ಕೊಪ್ಪಳದ ಭಾನಾಪುರದಲ್ಲಿ ಏಕಸ್ ಸಂಸ್ಥೆಯ ಆಟಿಕೆ ಕ್ಲಸ್ಟರ್ ಇದೆ. 2021ರ ಜನವರಿಯಲ್ಲಿ ಅದಕ್ಕೆ ಶಂಕುಸ್ಥಾಪನೆಯಾಯಿತು. ಅದೇ ತಿಂಗಳಿಂದ ದೇಶದಲ್ಲಿ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಹಿಂದಿನ ವರ್ಷವೇ ಆಮದು ಸುಂಕ ಶೇ 20ರಿಂದ ಶೇ 60ಕ್ಕೆ ಏರಿತ್ತು. ಉದ್ಯೋಗ ಬಂದರೆ ಸಂತೋಷವೇ. ಗುಳೆ ಹೋಗುವ ಸೀಮೆಯವನು ಅದನ್ನು ಹಗುರವಾಗಿ ಕಾಣಲಾರೆ. ಆದರೆ ವಿದೇಶಿ ಬ್ರಾಂಡುಗಳಿಗೆ ಅಚ್ಚು ಹೊಯ್ದು ಕೊಟ್ಟರೆ ಕೂಲಿ ನಮ್ಮದು, ಗೇಣಿ ಅವರದು. ಆಗ ಟಕಾರ ಕೈಯಲ್ಲಿ ಅಚ್ಚಾದರೂ ಇತ್ತು. ನಮ್ಮವರಿಗೆ ಅದೂ ಇರುವುದಿಲ್ಲ.

ಅದೇ ಜಿಲ್ಲೆಯ ಕಿನ್ನಾಳದ ಕುಶಲಕರ್ಮಿಗಳು ಹಗುರ ಮರದಲ್ಲಿ ಕೆತ್ತಿ ಬಣ್ಣ ತುಂಬುವ ಗೊಂಬೆಗಳಿಗೆ ಭೌಗೋಳಿಕ ಸೂಚಿಕೆ ದೊರೆತಿದೆ. ಹೆಸರು ಅವರದೇ. ಕೊಟ್ಟೂರು ಜಾತ್ರೆಯಲ್ಲಿ ಆ ಗೊಂಬೆಗಾಗಿ ಸಾಲು ಸಾಲು ಅಂಗಡಿಗಳಲ್ಲಿ ಹುಡುಕಿದೆ. ಒಂದೂ ಸಿಗಲಿಲ್ಲ.