ದೊಡ್ಡ ನಾಯಿಗೆ ಮುಪ್ಪು ಬೇಗ

ಇಲಿಗಿಂತ ಆನೆಯ ಆಯುಷ್ಯ ಹೆಚ್ಚು. ಪ್ರಾಣಿಲೋಕದಲ್ಲಿ ಸಾಮಾನ್ಯವಾಗಿ ಮೈ ದೊಡ್ಡದಾದಷ್ಟೂ ಬಾಳು ಉದ್ದ. ನಾಯಿಗಳೊಳಗೆ ಮಾತ್ರ ಈ ಲೆಕ್ಕ ತಿರುವುಮುರುವು. ಪೊಮೆರೇನಿಯನ್ ಹದಿಮೂರು ಹದಿನಾಲ್ಕು ವರ್ಷ ಬಾಳಿದರೆ ಗ್ರೇಟ್ ಡೇನ್ ಎಂಟು ಹತ್ತಕ್ಕೆ ಮುಗಿಸುತ್ತದೆ. 74 ತಳಿಗಳ ದಾಖಲೆ ನೋಡಿದ 2013ರ ಅಧ್ಯಯನದ ಅಂದಾಜಿನಂತೆ, ತಳಿಯ ತೂಕ ಎರಡು ಕಿಲೋ ಏರಿದರೆ ಆಯುಷ್ಯ ಸುಮಾರು ಒಂದು ತಿಂಗಳು ಇಳಿಯುತ್ತದೆ. ದೊಡ್ಡ ನಾಯಿಯಲ್ಲಿ ಮುಪ್ಪಿನ ಓಟವೇ ಜೋರು. ಬೆಳವಣಿಗೆಗೆ ಒತ್ತು ಕೊಡುವ ಐಜಿಎಫ್-1 ಎಂಬ ರಾಸಾಯನಿಕ ಇಂಥ ತಳಿಗಳ ರಕ್ತದಲ್ಲಿ ಹೆಚ್ಚಿರುತ್ತದೆ. ಬೇಗ ಬೆಳೆದ ಮೈ ಬೇಗ ಸವೆಯುತ್ತದೆ ಎಂಬುದು ಹಲವರ ವಾದ.

ಹಾಗಿದ್ದರೆ ಮುಧೋಳ ನಾಯಿಯ ಗತಿ? ನಿಡೋಣಿ, ಬಬಲೇಶ್ವರದ ಕಡೆಯವರಿಗೆ ಎತ್ತರದ ನಾಯಿ ಎಂದರೆ ಮೊದಲು ನೆನಪಾಗುವುದು ಪಕ್ಕದ ಬಾಗಲಕೋಟೆ ಜಿಲ್ಲೆಯ ಈ ಬೇಟೆನಾಯಿಯೇ. 2005ರಲ್ಲಿ ಅಂಚೆಚೀಟಿ ಏರಿದ ತಳಿ ಇದು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಇದಕ್ಕೆಂದೇ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವಿದೆ. ಗಂಡು ನಾಯಿ 70 ಸೆಂಟಿಮೀಟರ್ ಆಸುಪಾಸು ನಿಲ್ಲುತ್ತದೆ, ಆದರೆ ತೂಕದಲ್ಲಿ ಲ್ಯಾಬ್ರಡಾರ್‌ಗಿಂತ ಹಗುರ. ಆಯುಷ್ಯದ ಲೆಕ್ಕದಲ್ಲಿ ತೂಗುವುದು ಕಿಲೋ, ಎತ್ತರವಲ್ಲ. ಅಷ್ಟರಮಟ್ಟಿಗೆ ಇದು ಪುಣ್ಯವಂತ ನಾಯಿ.

ಆ ಕೃಶ ಮೈಗೂ ವಯಸ್ಸಾದಾಗ ಅದರದೇ ಕಷ್ಟವಿದೆ. ತೆಳು ಚರ್ಮ, ಕೆಳಗೆ ಕೊಬ್ಬಿಲ್ಲ. ಪರಸಿ ಕಲ್ಲಿನ ಮೇಲೆ ಮಲಗಿ ಮಲಗಿ ಮೊಣಕೈ ಜಡ್ಡುಗಟ್ಟಿ ಹುಣ್ಣಾಗುತ್ತದೆ. ಹಳೆಯ ಕೌದಿಯೊಂದನ್ನು ನಾಲ್ಕು ಮಡಿಕೆ ಮಾಡಿ ಹಾಸಿದರೆ ಸಾಕು. ಪಕ್ಕೆಲುಬು ಕಾಣುತ್ತವೆಂದು ತುಪ್ಪ ತಿನ್ನಿಸುವವರೂ ಇದ್ದಾರೆ. ಬೇಡ. 48 ಲ್ಯಾಬ್ರಡಾರ್‌ಗಳನ್ನು ಮರಿಯಿಂದ ಸಾಯುವತನಕ ಗಮನಿಸಿದ ಅಮೆರಿಕದ ಪ್ರಯೋಗದ ಫಲಿತಾಂಶ 2002ರಲ್ಲಿ ಬಂತು: ಕಾಲುಭಾಗ ಕಡಿಮೆ ಉಂಡವು ಹೆಚ್ಚುಕಡಿಮೆ ಎರಡು ವರ್ಷ ಜಾಸ್ತಿ ಬದುಕಿದವು, ಕೀಲುನೋವೂ ಅವಕ್ಕೆ ತಡವಾಗಿ ಬಂತು. ಔಷಧಿ ಅಂಗಡಿಯಲ್ಲಿ ಇಷ್ಟು ಕೆಲಸ ಮಾಡುವ ಗುಳಿಗೆ ಯಾವುದೂ ಸಿಗದು.

ಗುಳಿಗೆ ಎಂದಾಗ ಇದನ್ನೂ ಹೇಳಬೇಕು. ನಾಯಿ ನೋವಿಗೆ ಕೂಗುವುದು ಕಡಿಮೆ. ಮಲಗಿದಲ್ಲಿಂದ ಏಳಲು ತಡಮಾಡುವುದು, ಕೀಲನ್ನೇ ನೆಕ್ಕುತ್ತಿರುವುದು, ಹಿಂಗಾಲಿನ ತೊಡೆ ಸೊರಗುವುದು ಅದರ ಗುರುತು. ಕನಿಕರಪಟ್ಟು ಮನೆಯವರ ಐಬುಪ್ರೊಫೆನ್, ಡೈಕ್ಲೊಫೆನಾಕ್ ಕೊಟ್ಟರೆ ಹೊಟ್ಟೆಯಲ್ಲಿ ರಕ್ತ ಸೋರಿ, ಮೂತ್ರಪಿಂಡ ಕೆಡಬಹುದು. ಹಲ್ಲು ಕೀಳಿಸಲೋ ಗಂಟು ತೆಗೆಸಲೋ ಹೋದಾಗ ಮುಧೋಳ ತಳಿ ಎಂದು ವೈದ್ಯರಿಗೆ ಮೊದಲೇ ತಿಳಿಸಿ. ಗ್ರೇಹೌಂಡ್‌ನಂಥ ಓಟದ ತಳಿಗಳಿಗೆ ಕೆಲವು ಅರಿವಳಿಕೆಗಳ ಮಂಪರು ಬಹಳ ಹೊತ್ತು ಇಳಿಯುವುದಿಲ್ಲ.

ಬೇಸಿಗೆಯಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ನಾಯಿ ಮೈಕಾವು ಕಳೆಯುವುದು ಮುಖ್ಯವಾಗಿ ಏದುಸಿರಿನಿಂದ. ಮುದಿ ಲ್ಯಾಬ್ರಡಾರ್‌ಗಳಲ್ಲಿ ಗಂಟಲಿನ ನರ ಸೋತು ಉಸಿರುದಾರಿ ಸರಿಯಾಗಿ ತೆರೆಯದಿರುವುದುಂಟು. ಬೊಗಳುವ ದನಿ ಒಡೆದರೆ, ಉಸಿರಾಟ ಕರಕರ ಎಂದರೆ ಅಂಥ ನಾಯಿಯನ್ನು ಹಗಲು ಹೊರಗೆ ಬಿಡಬಾರದು.

ಕೊನೆಗೆ ಈ ಸೀಮೆಯದೇ ಅಪಾಯ. ಬಬಲೇಶ್ವರ, ತಿಕೋಟಾ ಭಾಗ ದ್ರಾಕ್ಷಿ ಪಡಗಳ, ಒಣದ್ರಾಕ್ಷಿ ಶೆಡ್‌ಗಳ ನಾಡು. ಇವೆರಡೂ ನಾಯಿಯ ಮೂತ್ರಪಿಂಡಕ್ಕೆ ವಿಷ. ಇದಕ್ಕೆ ಟಾರ್ಟಾರಿಕ್ ಆಮ್ಲ ಕಾರಣವಿರಬಹುದೆಂದು 2021ರಿಂದ ವಿಜ್ಞಾನಿಗಳ ಅನುಮಾನ. ಹುಣಸೆಯಲ್ಲೂ ಅದು ಧಾರಾಳ. ವಯಸ್ಸಿನಿಂದ ಮೊದಲೇ ಬಳಲಿದ ಮೂತ್ರಪಿಂಡಕ್ಕೆ ತಡೆಯುವ ಶಕ್ತಿ ಇನ್ನೂ ಕಡಿಮೆ. ತಿಂದದ್ದು ಗೊತ್ತಾದ ಕೂಡಲೇ ಪಶುವೈದ್ಯರ ಬಳಿ ಒಯ್ಯಬೇಕು. ಮೂತ್ರ ನಿಂತದ್ದು ಮನೆಯವರ ಕಣ್ಣಿಗೆ ಬೀಳುವಷ್ಟರಲ್ಲಿ ಒಂದೆರಡು ದಿನ ಕಳೆದು, ಚಿಕಿತ್ಸೆಯ ಹೊತ್ತು ಮೀರಿರುತ್ತದೆ.